ಸಂಪಿನ ಮೋಟಾರು ಕಾಯುವ ಪ್ರೋಗ್ರಾಮು: ಕರೆದದ್ದು ಯಾರ ಕ್ಯಾನ್ಸಲ್?

ಬನಶಂಕರಿಯ ನಮ್ಮ ಮನೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಅದು ಸಂಪಿಗೆ ಬಿದ್ದು, ಅಲ್ಲಿಂದ ಮೋಟಾರಿನ ಮೂಲಕ ಮಹಡಿಯ ಟ್ಯಾಂಕಿಗೆ ಏರಬೇಕು. ಟ್ಯಾಂಕು ತುಂಬಿದ ಕೂಡಲೇ ಮೋಟಾರನ್ನು ನಿಲ್ಲಿಸುವ ಪ್ರೋಗ್ರಾಮನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗಾಗಿ ಜಾವಾ ಭಾಷೆಯಲ್ಲಿ ಬರೆಯುತ್ತಿದ್ದೇನೆ. ನೀರಿನ ಮಟ್ಟ ಅಳೆಯುವ ಸೆನ್ಸರ್ ಮತ್ತು ಮೋಟಾರಿಗೆ ಸ್ವಿಚ್ಚಾಗುವ ರಿಲೇ ಕಳೆದ ವಾರವೇ ಸಿದ್ಧವಾಗಿದ್ದವು. ಈ ವಾರ ಅವೆರಡನ್ನೂ ಟೈಮರ್ ಮೂಲಕ ಜೋಡಿಸಿದೆ.

ಜಾವಾದಲ್ಲಿ ಕೋಡನ್ನು ಕ್ಲಾಸ್ ಎಂಬ ಘಟಕಗಳಲ್ಲಿ, ಅದರ ಒಂದೊಂದು ಕೆಲಸವನ್ನು ಮೆಥಡ್ ಆಗಿ ಬರೆಯುತ್ತಾರೆ. ‘ಮೋಟಾರುಕಾವಲು’ ಎಂಬ ಹೊರಗಿನ ಕ್ಲಾಸಿನಲ್ಲಿ ರಿಲೇ ಆರಿಸುವ ಮೆಥಡ್‌ಗೆ ‘ಕ್ಯಾನ್ಸಲ್’ ಎಂದು ಹೆಸರಿಟ್ಟಿದ್ದೆ. ಐದು ಸೆಕೆಂಡಿಗೊಮ್ಮೆ ಮಟ್ಟ ನೋಡಲೆಂದು ಅದರೊಳಗೇ ಟೈಮರ್ ನಡೆಸುವ ಕೆಲಸಕ್ಕೆಂದು ಜಾವಾದಲ್ಲೇ ಇರುವ ‘ಟೈಮರ್‌ಟಾಸ್ಕ್’ ಕ್ಲಾಸನ್ನು ವಿಸ್ತರಿಸುವ ಒಂದು ಅನಾನಿಮಸ್ (ಹೆಸರಿಲ್ಲದ) ಕ್ಲಾಸ್ ಬರೆದು, ಮಟ್ಟ 90 ದಾಟಿದರೆ ‘ಕ್ಯಾನ್ಸಲ್()’ ಕರೆಯುವಂತೆ ಮಾಡಿದೆ. ಕೋಡನ್ನು ಪರಿಶೀಲಿಸಿ ಅನುವಾದಿಸುವ ಕಂಪೈಲರ್ ಯಾವ ತಕರಾರನ್ನೂ ಎತ್ತಲಿಲ್ಲ. ಬುಧವಾರ ಬೆಳಗ್ಗೆ ಓವರ್‌ಫ್ಲೋ ಪೈಪಿನಿಂದ ನೀರು ಸುರಿಯುವ ಸದ್ದು ಕೇಳಿ ಅಮ್ಮ ಓಡಿಹೋಗಿ ಸ್ವಿಚ್ ಆರಿಸಿದರು. ಲಾಗಿನ ಕೊನೆಯ ಸಾಲಿನಲ್ಲಿ ‘6:42, ಮಟ್ಟ 91’ ಎಂದಿತ್ತು. ಆಮೇಲೆ ಒಂದು ಸಾಲೂ ಇರಲಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ನೀರು ಚರಂಡಿಗೆ ಹರಿದದ್ದು ನನಗೆ ನಿಜಕ್ಕೂ ಸಂಕಟವಾಯಿತು.

ಕಾರಣ ಸ್ಪಷ್ಟವಾಗಲು ಆ ಸಂಜೆಯೆಲ್ಲ ಬೇಕಾಯಿತು. ಮೆಥಡ್ ಒಂದನ್ನು ಬರೀ ಹೆಸರಿನಿಂದ ಕರೆದಾಗ ಕಂಪೈಲರ್ ಒಳಗಿನ ಕ್ಲಾಸಿನಿಂದ ಹುಡುಕಲು ತೊಡಗಿ, ಆ ಹೆಸರು ಮೊದಲು ಸಿಕ್ಕ ಕ್ಲಾಸಿನಲ್ಲೇ ನಿಂತುಬಿಡುತ್ತದೆ. ತಾನು ವಿಸ್ತರಿಸಿದ ಕ್ಲಾಸಿನಿಂದ ಅನುವಂಶಿಕವಾಗಿ ಬಂದ ಹೆಸರುಗಳೂ ಈ ಹುಡುಕಾಟಕ್ಕೆ ಸೇರುತ್ತವೆ. ಟೈಮರ್‌ಟಾಸ್ಕ್‌ಗೆ ತನ್ನದೇ ಕ್ಯಾನ್ಸಲ್ ಇದೆ. ಹಾಗಾಗಿ ನಿಂತದ್ದು ಮೋಟಾರಲ್ಲ, ಮಟ್ಟ ನೋಡುವ ಕೆಲಸ. ನನ್ನ ಮೆಥಡ್‌ಗೆ ಒಂದು ಆರ್ಗ್ಯುಮೆಂಟ್ (ಕರೆಯುವಾಗ ಕೊಡುವ ಬೆಲೆ) ಇದ್ದಿದ್ದರೂ ಕಂಪೈಲರ್ ಹೊರಗಿನ ಕ್ಲಾಸಿಗೆ ಹೋಗುತ್ತಿರಲಿಲ್ಲ, ಆದರೆ ಆಗ ದೋಷ ತೋರಿಸಿ ನಿಲ್ಲುತ್ತಿತ್ತು. ಅದೇ ಎಷ್ಟೋ ವಾಸಿ.

‘ಮೋಟಾರುಕಾವಲು.ದಿಸ್.ಕ್ಯಾನ್ಸಲ್()’ ಎಂದು ಬರೆದ ಮೇಲೆ ರಿಲೇ ಆರಿತು. ಕ್ಲಾಸಿನಿಂದ ಓಡುವಾಗ ಸೃಷ್ಟಿಯಾಗುವುದು ಆಬ್ಜೆಕ್ಟ್. ಇಲ್ಲಿ ಬರೀ ‘ದಿಸ್’ ಎಂದರೆ ಅನಾನಿಮಸ್ ಕ್ಲಾಸಿನ ಆಬ್ಜೆಕ್ಟ್. ಮುಂದೆ ಹೊರಗಿನ ಕ್ಲಾಸಿನ ಹೆಸರು ಸೇರಿಸಿದರೆ ಅದನ್ನು ಸುತ್ತುವರಿದಿರುವ ಆಬ್ಜೆಕ್ಟ್. ಹೊರಗಿನ ಕ್ಲಾಸಿನ ‘ಮಟ್ಟ’ ಎಂಬ ಪ್ರೈವೇಟ್ ಫೀಲ್ಡ್ (ಕ್ಲಾಸಿನ ಸ್ವಂತ ವೇರಿಯಬಲ್) ಮೊದಲಿನಿಂದಲೂ ನೇರವಾಗಿ ಸಿಗುತ್ತಿದ್ದುದು, ಒಳಗೆ ಆ ಹೆಸರಿನದು ಬೇರೊಂದು ಇಲ್ಲದ್ದರಿಂದ. ಕಂಪೈಲ್ ಆಗಿ ಬಂದ ಕ್ಲಾಸ್ ಫೈಲನ್ನು ಬಿಚ್ಚಿ ನೋಡಿದಾಗ, ಹೊರಗಿನ ಆಬ್ಜೆಕ್ಟ್‌ನ ವಿಳಾಸವನ್ನು ಹಿಡಿದಿಡಲು ಕಂಪೈಲರ್ ತಾನೇ ಸೇರಿಸಿದ ‘ದಿಸ್$0’ ಎಂಬ ಫೀಲ್ಡ್ ಕಾಣಿಸಿತು.

ನೀರಿನ ಅಲೆಗೆ ಸೆನ್ಸರ್ ಒಮ್ಮೊಮ್ಮೆ ತಪ್ಪು ಅಳತೆ ಕೊಡುವುದರಿಂದ, ಸತತವಾಗಿ ಮೂರು ಬಾರಿ 90 ದಾಟಿದರೆ ಮಾತ್ರ ನಿಲ್ಲಿಸೋಣವೆಂದು ಒಂದು ಎಣಿಕೆ ಸೇರಿಸಿದೆ. ಎಣಿಕೆಯನ್ನು ಮೆಥಡ್‌ನ ಲೋಕಲ್ ವೇರಿಯಬಲ್ (ಆ ಮೆಥಡ್‌ನೊಳಗೆ ಮಾತ್ರ ಸಿಗುವಂಥದ್ದು) ಆಗಿ ಇಟ್ಟಾಗ ಕಂಪೈಲರ್ ಒಪ್ಪಲಿಲ್ಲ. 2014ರ ಜಾವಾ 8ರಿಂದ ‘ಫೈನಲ್’ (ಬದಲಾಗದ್ದು) ಎಂದು ಬರೆಯಲೇಬೇಕೆಂದಿಲ್ಲವಾದರೂ, ಒಳಗಿನ ಕ್ಲಾಸ್ ಬಳಸುವ ಲೋಕಲ್ ವೇರಿಯಬಲ್‌ನ ಬೆಲೆ ಬದಲಾಗಕೂಡದು. ಎಣಿಕೆಯನ್ನು ಹೊರಗಿನ ಕ್ಲಾಸಿನ ಫೀಲ್ಡ್ ಮಾಡಿದೆ.

ಕ್ಲಾಸ್ ಬರೆಯದೆ ಕೆಲಸವನ್ನಷ್ಟೇ ಚುಟುಕಾಗಿ ಬರೆಯುವ ಲ್ಯಾಂಬ್ಡಾದಲ್ಲಿ ‘ದಿಸ್’ ಹೊರಗಿನದೇ ಆಗಿರುವುದರಿಂದ ಈ ಗೊಂದಲವೇ ಹುಟ್ಟುವುದಿಲ್ಲ, ಆದರೆ ಲ್ಯಾಂಬ್ಡಾಗೆ ಒಂದೇ ಮೆಥಡ್ ಬರೆಯಬೇಕಾದ ಇಂಟರ್ಫೇಸ್ ಬೇಕು; ಟೈಮರ್‌ಟಾಸ್ಕ್ ಇಂಟರ್ಫೇಸ್ ಅಲ್ಲದ ಕಾರಣ ಅದರ ಜಾಗಕ್ಕೆ ಲ್ಯಾಂಬ್ಡಾ ಬರೆಯಲಾಗದು. ಮುಂದಿನ ವಾರ, ಲ್ಯಾಂಬ್ಡಾವನ್ನು ಒಪ್ಪುವ ‘ಶೆಡ್ಯೂಲ್ಡ್‌ಎಕ್ಸಿಕ್ಯೂಟರ್‌ಸರ್ವಿಸ್’ ಎಂಬ ಜಾವಾದ ಇನ್ನೊಂದು ಟೈಮರ್ ಸೌಲಭ್ಯಕ್ಕೆ ಬದಲಾಯಿಸುತ್ತೇನೆ. ಹೊರಗಿನ ಮೆಥಡ್‌ನ ಹೆಸರನ್ನು ಈಗಲೇ ‘ಮೋಟಾರುಆರಿಸು’ ಎಂದು ತಿದ್ದಿದ್ದೇನೆ. ಶುಕ್ರವಾರದ ಲಾಗ್: 6:51ಕ್ಕೆ ಮಟ್ಟ 91, 91, 92; ಮೋಟಾರು ನಿಂತಿದೆ.