ನೂರಕ್ಕೆ ನಿಂತವರು

ನಿನ್ನೆ ರಾತ್ರಿ ಪಾತ್ರೆ ತೊಳೆಯುತ್ತಾ ದಿ ಫೀಲ್ಡ್ ಮೈಸ್ ಎಂಬ ಇಂಗ್ಲಿಷ್ ಬ್ಯಾಂಡಿನ ಹಾಡು ಕೇಳಿದೆ, ಹದಿನೈದು ವರ್ಷಗಳ ನಂತರ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ ಹಾಡುವ ಅದೇ ಸಂಕೋಚದ ದನಿ. ವಿಮರ್ಶಕರು ಇಂಥವರನ್ನು ಅಳುಬುರುಕರೆಂದು ಗೇಲಿ ಮಾಡುತ್ತಿದ್ದರು. ಸ್ವಲ್ಪ ಅಳುಬುರುಕರೇ, ಸುಳ್ಳೇಕೆ ಹೇಳಲಿ?

ಇವರ ಹಾಡುಗಳನ್ನು ಹೊರತಂದ ಸಾರಾ ರೆಕಾರ್ಡ್ಸ್ ಎಂಬ ಪುಟ್ಟ ಸಂಗೀತ ಕಂಪನಿ 1987ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿತು. ನಡೆಸಿದವರು ಕ್ಲೇರ್ ವಾಡ್ ಮತ್ತು ಮ್ಯಾಟ್ ಹೇನ್ಸ್, ಇಬ್ಬರೇ. ಮಡಚಿದ ಕಾಗದವೇ ರೆಕಾರ್ಡಿನ ಹೊದಿಕೆ, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ. 1995ರಲ್ಲಿ ನೂರನೆಯ ಬಿಡುಗಡೆ ಆಗುತ್ತಿದ್ದಂತೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಹಡಗೊಂದರಲ್ಲಿ ಔತಣ ಮಾಡಿ, ತಾವಾಗಿಯೇ ಅಂಗಡಿ ಮುಚ್ಚಿದರು. ನೂರು ಸಾಕು ಎನ್ನುವ ಧೈರ್ಯ ನನಗೆ ಒಂದು ಪ್ಲೇಟ್ ಬಜ್ಜಿಯ ವಿಷಯದಲ್ಲೂ ಬಂದಿಲ್ಲ.

ನೊರೆಗೈಯಲ್ಲೇ ಮೊಬೈಲ್ ಒತ್ತಿದೆ. ಈಗ ಅದೇ ಕಂಪನಿಯ ಇನ್ನೊಂದು ಬ್ಯಾಂಡ್, ಹೆವನ್ಲಿಯ ಸರದಿ.