ಗಂಗೊಳ್ಳಿ ಅಳಿವೆ, ಮರವಂತೆ ತೆರೆ

ನವೆಂಬರ್ 5, 2025, ಬುಧವಾರ. ಕಾರ್ತಿಕ ಹುಣ್ಣಿಮೆ.

ಕುಂದಾಪುರ ಕಡೆಯ ಕಡಲು ನೋಡಲು ಬರುವವರೆಲ್ಲ ಸೂರ್ಯಾಸ್ತದ ಹೊತ್ತು ಕೇಳುತ್ತಾರೆ, ಉಬ್ಬರ-ಇಳಿತದ ಹೊತ್ತನ್ನು ಯಾರೂ ಕೇಳುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಲ್ಲಿ ನೀರು ಏರುವುದು ಸುಮಾರಾಗಿ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಮತ್ತು ನಡುರಾತ್ರಿಯ ಹೊತ್ತಿಗೆ. ಇಳಿತ ನಸುಕಿಗೆ ಮತ್ತು ಸಂಜೆಗೆ. ದಿನಕ್ಕೆ 50 ನಿಮಿಷದಂತೆ ತಡವಾಗುತ್ತಾ ಹೋಗಿ, ವಾರ ಕಳೆಯುವಷ್ಟರಲ್ಲಿ ಇಳಿತ ನಡುಹಗಲಿಗೆ ಬಂದಿರುತ್ತದೆ. ಹುಣ್ಣಿಮೆಯ ಸಂಜೆ ಕೋಡಿ ಕಡಲತೀರದಲ್ಲಿ ಕಂಡ ಅಗಲದ ಹೊಯ್ಗೆ (ಮರಳು) ಅಷ್ಟಮಿಯ ಸಂಜೆ ಸಿಗುವುದಿಲ್ಲ.

ಮೀನುಗಾರಿಕೆ ಬಂದರು ಗಂಗೊಳ್ಳಿ ಕುಂದಾಪುರದಿಂದ ಕಣ್ಣೆದುರೇ ಕಾಣುತ್ತದೆ, ಆದರೆ ರಸ್ತೆಯಲ್ಲಿ ಹೆಮ್ಮಾಡಿ ಕಡೆಯಿಂದ ಸುತ್ತಿಯೇ ಹೋಗಬೇಕು. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದೂ ಹೊಳೆ ಸೇರಿ ಕಡಲಿಗೆ ಬೀಳುವ ಅಳಿವೆ ಇದು. ಹೊಳೆ ತಂದ ಮರಳೂ ತೆರೆ ತಳ್ಳಿದ ಮರಳೂ ಅಳಿವೆಯಲ್ಲಿ ದಿಬ್ಬ ಕಟ್ಟುತ್ತವೆ. ಮೀನು ತುಂಬಿದ ಬೋಟು ಹೆಚ್ಚು ಮುಳುಗಿ ಓಡುವುದರಿಂದ ತಳ ತಾಗದಂತೆ ಉಬ್ಬರಕ್ಕೆ ಕಾಯುತ್ತದೆ. ಇಳಿತದಲ್ಲಿ ಹೊರನುಗ್ಗುವ ಹೊಳೆ ನೀರಿಗೆ ಕಡಲ ತೆರೆ ಎದುರಾಗಿ ನೆಟ್ಟಗೆ ಎದ್ದು ಒಡೆಯುತ್ತದೆ. ದೋಣಿ ಮಗುಚುವುದು ಹೆಚ್ಚಾಗಿ ಆಗಲೇ. ಬೋಟು ಒಳಬರುವುದನ್ನು ನೋಡಬೇಕಿದ್ದರೆ ನೀರು ಏರುವ ಹೊತ್ತಿಗೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರು ತುಂಬಾ ಬೋಟುಗಳಿದ್ದರೂ ಕೆಲಸ ಕಾಣುವುದಿಲ್ಲ.

ಬೋಟು ಕಟ್ಟುವ ದಕ್ಕೆಯಲ್ಲಿ ರಬ್ಬರ್ ಅಡಿಯ ಚಪ್ಪಲಿಯೂ ಜಾರುತ್ತದೆ, ಡೀಸೆಲ್ ಮತ್ತು ಮೀನಿನ ಲೋಳೆ ಸೇರಿದರೆ ಹಾಗೆಯೇ. ಏಲಂ ನಡೆಯುವಾಗ ಬುಟ್ಟಿ ಮತ್ತು ತಳ್ಳುಗಾಡಿಯ ದಾರಿ ಬಿಟ್ಟು ನಿಲ್ಲಿ.

ದಡದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರೆ ನೋಡದೆ ಹೋಗಬೇಡಿ. ಹಗ್ಗದ ಒಂದು ತುದಿ ದಡದಲ್ಲೇ ಉಳಿಯುತ್ತದೆ. ದೋಣಿ ಬಲೆ ಬಿಡುತ್ತಾ ಅರ್ಧಚಂದ್ರಾಕಾರದಲ್ಲಿ ಸುತ್ತಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಮುಟ್ಟಿಸುತ್ತದೆ. ಆಮೇಲೆ ಎರಡು ತಂಡ ಎಳೆಯುತ್ತಾ ಹತ್ತಿರವಾಗುತ್ತವೆ. ಒಂದು ಕಡೆ ಬೇಗ ಎಳೆದರೆ ಬಲೆ ಓರೆಯಾಗಿ ತಳ ಎದ್ದು, ಬೈಗೆ (ಭೂತಾಯಿ) ಮೀನಿನ ಗುಂಪು ಅಡಿಯಿಂದಲೇ ಪಾರು. ಫೋಟೊ ತೆಗೆಯುವವರು ಮಾಡುವ ತಪ್ಪು ಎರಡು: ಬಿಗಿದ ಹಗ್ಗ ದಾಟುವುದು, ಬಲೆಯ ಒಳಮೈಯ ನೀರಿಗೆ ಇಳಿದು ಮೀನು ಬೆದರಿಸುವುದು.

ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲು ಕಡಲು, ಇನ್ನೊಂದು ಮಗ್ಗುಲು ಸೌಪರ್ಣಿಕಾ. ಚಿತ್ರಕ್ಕೆ ಚೆಂದ, ಈಜಿಗಲ್ಲ. ದಡ ಕಡಿದಾಗಿರುವಲ್ಲಿ ತೆರೆ ಕಾಲಬುಡದಲ್ಲೇ ಒಡೆದು, ವಾಪಸಾಗುವಾಗ ಕಾಲಡಿಯ ಮರಳನ್ನೂ ಎಳೆದೊಯ್ಯುತ್ತದೆ. ಎರಡೂ ಬದಿ ನೊರೆ ಎದ್ದು, ನಡುವೆ ತೆರೆ ಒಡೆಯದ ಕಲಕು ನೀರಿನ ಪಟ್ಟಿ ಕಂಡರೆ ಅದು ಕಡಲೊಳಕ್ಕೆ ಎಳೆದೊಯ್ಯುವ ಸೆಳವು. ಶಾಂತವಾಗಿದೆ ಎಂದು ಜನ ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದತ್ತ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬಂದು ಆಮೇಲೆ ತಿರುಗಬೇಕು. ಕಲ್ಲಿನ ತಡೆಗೋಡೆಯ ಪಕ್ಕದಲ್ಲಂತೂ ಮೊಣಕಾಲು ನೀರೂ ಬೇಡ.

ಮೀನು ಒಯ್ಯುವುದಾದರೆ ಮೀನಿನಷ್ಟೇ ತೂಕದ ಪುಡಿ ಐಸು, ಪದರ ಪದರವಾಗಿ. ಕಿವಿರು ಕೆಂಪಗೆ, ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಪೆಟ್ಟಿಗೆಯ ತಳದ ತೂತು ತೆರೆದಿರಲಿ, ಕರಗಿದ ನೀರಿನಲ್ಲಿ ನೆನೆದರೆ ಬಂಗುಡೆ ಮೆತ್ತಗಾಗುತ್ತದೆ.