ಗರಟೆ ಚಕ್ರದ ಮಂಕು ಬಲ್ಬು

ಸಾಗರದ ಕಡೆಯ ನಮ್ಮ ಹೈಸ್ಕೂಲಿನ ಹಿಂದೆ ಗುಡ್ಡದಿಂದ ಇಳಿಯುವ ಹಳ್ಳವೊಂದಿತ್ತು. ಮಳೆಗಾಲ ಮುಗಿದರೂ ದೀಪಾವಳಿವರೆಗೆ ಜೋರಾಗಿಯೇ ಹರಿಯುತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಜಲವಿದ್ಯುತ್ ಪಾಠ ಬಂದ ದಿನ ವಿಜ್ಞಾನದ ಮೇಷ್ಟ್ರು ಪುಸ್ತಕ ಮಡಚಿಟ್ಟು, "ನಾಳೆ ಎಲ್ಲರೂ ತೆಂಗಿನ ಗರಟೆ ತನ್ನಿ" ಅಂದರು. ಸೈಕಲ್ ಯಾರ ಮನೇಲಿದೆ ಅಂತಲೂ ಕೇಳಿದರು. ನಾನು ಸುಮ್ನೆ ಕೈ ಎತ್ತಿದೆ. ಅಪ್ಪಯ್ಯನ ಸೈಕಲ್ಲಿನ ಮುಂದಿನ ಚಕ್ರ ಶಾಲೆ ಸೇರಿದ್ದು ಹಾಗೆ.

ಚಕ್ರದ ಕಡ್ಡಿಗಳಿಗೆ ಗರಟೆಗಳನ್ನು ತಂತಿಯಲ್ಲಿ ಕಟ್ಟಿದೆವು. ಅಡಿಕೆ ಮರ ಸೀಳಿ ಮಾಡಿದ, ನೀರು ಹರಿಸುವ ದೋಣಿಯಲ್ಲಿ ಹಳ್ಳದ ನೀರು ತಂದು ಮೇಲಿಂದ ಬಿಟ್ಟೆವು. ಚಕ್ರ ಗಿರಗಿರ ತಿರುಗಿತು. ನಮ್ಮ ಕೂಗಾಟವೇ ಕೂಗಾಟ. ಆಗ ಮೇಷ್ಟ್ರು ಸೈಕಲ್ ದೀಪಕ್ಕೆ ಕರೆಂಟು ಕೊಡುವ ಡೈನಮೋಗೆ ಬಲ್ಬು ಜೋಡಿಸಿ ಟೈರಿಗೆ ತಾಗಿಸಿದರು. ಚಕ್ರ ನಿಂತೇಬಿಟ್ಟಿತು.

"ಬಲ್ಬು ಉರಿಸೋದು ಬಿಟ್ಟಿ ಕೆಲಸ ಅಲ್ಲ ಕಣ್ರೋ. ನೀರಿಗೆ ಕಸುವು ಸಾಲ್ತಿಲ್ಲ" ಅಂದರು. ಡೈನಮೋ ಹಾಕಿದ ಸೈಕಲ್ ತುಳಿಯೋದು ಯಾಕೆ ಭಾರ ಅಂತ ನನಗೆ ಹೊಳೆದದ್ದು ಆಗಲೇ. ನೀರು ಜಾಸ್ತಿ ಬಿಟ್ಟೆವು. ದೋಣಿ ಉಕ್ಕಿತು, ಯೂನಿಫಾರ್ಮು ಒದ್ದೆಯಾಯಿತು, ಬಲ್ಬು ಹೊತ್ತಲಿಲ್ಲ.

ಮರುದಿನ ಮೇಷ್ಟ್ರು ತೋಟದ ಕರಿ ಪೈಪು ತಂದರು. ಸುಮಾರು 25 ಅಡಿ ಮೇಲಿನ ಬಂಡೆ ಹತ್ತಿರ ಅದರ ಒಂದು ತುದಿ ನೀರಿಗೆ ಹಾಕಿದರು. ಕೆಳಗಿನ ಬಾಯಿಗೆ ಸಣ್ಣ ಮೂತಿ. ನೀರು ನಿನ್ನೆಗಿಂತ ಕಡಿಮೆಯೇ. ಆದರೆ ಎತ್ತರದಿಂದ ಇಳಿದ ರಭಸಕ್ಕೆ, ಅಂಗೈ ಅಡ್ಡ ಹಿಡಿದರೆ ಹಿಂದಕ್ಕೆ ನೂಕುತ್ತಿತ್ತು! ಎರಡು ಗರಟೆ ಹಾರಿಹೋದವು. ಉಳಿದವು ಸಾಕಾದವು. ಬಲ್ಬಿನೊಳಗೆ ಮಿಣುಕು ಹುಳದಷ್ಟು ಬೆಳಕು ಕಂಡಿತು.

ಜೋಗದಲ್ಲಿ ಬೀಳುವ ನೀರೇ ಯಂತ್ರ ತಿರುಗಿಸುತ್ತದೆ ಅಂತ ನಾನು ನಂಬಿದ್ದೆ. ಹಾಗಲ್ಲವಂತೆ. ನೀರನ್ನು ಮೇಲೆಯೇ ಬೇರೆ ದಾರಿಗೆ ತಿರುಗಿಸಿ, ದಪ್ಪ ಪೈಪುಗಳಲ್ಲಿ ಇಳಿಸುತ್ತಾರೆ. ಮೇಷ್ಟ್ರು ಬೋರ್ಡಿನಲ್ಲಿ ಅಲ್ಲಿನ ಯಂತ್ರದ ಪೆಲ್ಟನ್ ಚಕ್ರ ಬರೆದರು. ಗರಟೆಯ ಬದಲು ಲೋಹದ ಜೋಡಿ ಬಟ್ಟಲು. ನಡುವಿನ ಚೂಪು ಅಂಚಿಗೆ ಬಡಿದ ನೀರು ಎರಡು ಕಡೆಗೆ ಸೀಳುತ್ತದೆ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರದ್ದು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಬಂದ ಶರಾವತಿ ವಿದ್ಯುದಾಗಾರದಲ್ಲಿ 10 ಯಂತ್ರ, ಒಟ್ಟು 1035 ಮೆಗಾವಾಟ್. ನಮ್ಮದು 3 ವಾಟಿನ ಬಲ್ಬು, ಅದೂ ಮಂಕು. ಆದರೂ ಎರಡೂ ಒಂದೇ ಜಾತಿ ಅಲ್ವಾ!

ಚಕ್ರ ಮನೆಗೆ ಬಂದಾಗ ಎರಡು ಕಡ್ಡಿ ಸೊಟ್ಟಗಾಗಿದ್ದವು. ಅಪ್ಪಯ್ಯ ಬೈಯಲಿಲ್ಲ. ಆ ಡೈನಮೋ ತಮ್ಮ ಸೈಕಲ್ಲಿಗೇ ಹಾಕಿಕೊಡಬೇಕಂತೆ ಅಂತ ಮೇಷ್ಟ್ರಿಗೆ ಹೇಳಿ ಕಳಿಸಿದರು.